ದೂರು ಹೇಳಿದವರು ಯಾರು? ಲೂಕ 16ರ ಸಾಮ್ಯವನ್ನು ಪ್ರಶ್ನೆ ಕೇಳುತ್ತಾ ಓದುವ ಬಗೆ

ನಮ್ಮ ಅಪ್ಪ ಅಮ್ಮತ್ತಿ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ, ರೈಟರ್ ಎಂದರೆ ಕತೆ ಬರೆಯುವವರಲ್ಲ. ಆಳುಗಳ ಹಾಜರಿ, ಸಂಜೆ ತೂಕ ಹಾಕಿದ ಹಣ್ಣು, ಗೊಬ್ಬರದ ಚೀಲ, ಮುಂಗಡ ಕೊಟ್ಟ ದುಡ್ಡು, ಎಲ್ಲವನ್ನೂ ಪುಸ್ತಕಕ್ಕೆ ಏರಿಸುವವರು. ಸಾಹುಕಾರರ ಬಂಗಲೆಗೂ ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗಳಿಗೂ ನಡುವೆ ನಿಂತವರು.

ನಾನು ಏಳನೇ ಕ್ಲಾಸಿನಲ್ಲಿದ್ದೆ. ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿತ್ತು. ರೈಟರ್ ತೋಟದ ದುಡ್ಡು ಹಾಳು ಮಾಡ್ತಿದ್ದಾರೆ ಎಂದು ಯಾರೋ ಸಾಹುಕಾರರ ಕಿವಿಗೆ ಹಾಕಿದರು. ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಪುಸ್ತಕ ಒಪ್ಪಿಸಿ ಮನೆ ಖಾಲಿ ಮಾಡಿ ಎಂದರು. ಆ ಪುಸ್ತಕವನ್ನು ತೆರೆದು ನೋಡಿದ್ದು ನಾವು ಹೊರಟ ಮೇಲೆ. ಹಣ್ಣು ಕುಯ್ಯಲು ಬರುತ್ತಿದ್ದ ಒಂದು ತಮಿಳು ಕುಟುಂಬಕ್ಕೆ ನೆಲ್ಲಿಹುದಿಕೇರಿ ಹತ್ತಿರ ಎರಡು ಕೋಣೆಯ ಸ್ವಂತ ಮನೆ ಇತ್ತು. ಒಂದು ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ಆ ಮನೆಯ ಅಜ್ಜಿ ಈಗಲೂ ಇದ್ದಾರೆ. ಅವರ ಮಾತು ಮುಂದೆ ಬರುತ್ತದೆ.

ಇದಾದ ಮೇಲೆ ಚರ್ಚಿನಲ್ಲಿ ಸತ್ಯವೇದದ, ಅಂದರೆ ಬೈಬಲಿನ, ಲೂಕನ ಸುವಾರ್ತೆ 16ನೇ ಅಧ್ಯಾಯದ ಮೇಲೆ ಪ್ರಸಂಗ ಬಂದಾಗಲೆಲ್ಲ ಅಮ್ಮ ತಲೆ ತಗ್ಗಿಸಿ ಕೂರುತ್ತಿದ್ದರು. ‘ಅನ್ಯಾಯಗಾರನಾದ ಮನೆವಾರ್ತೆಯವನು’ ಎಂಬ ಮಾತು ಪೀಠದಿಂದ ಬರುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ದೊಡ್ಡವಳಾದ ಮೇಲೆ ನಾನೂ ಲೆಕ್ಕದ ಕೆಲಸಕ್ಕೇ ಸೇರಿದೆ. ಲೆಕ್ಕ ನೋಡುವ ಕಣ್ಣಿನಿಂದಲೇ ಈ ಸಾಮ್ಯವನ್ನು, ಅಂದರೆ ಯೇಸು ಹೇಳಿದ ಈ ಕತೆಯನ್ನು, ಮತ್ತೆ ಓದಿದೆ. ಹೀಗೆ ಓದಲು ಗ್ರೀಕ್ ಪಂಡಿತರಾಗಬೇಕಿಲ್ಲ. ನಂಬಿಕೆಯನ್ನೂ ಬಿಡಬೇಕಿಲ್ಲ. ನಾನು ಹೇಗೆ ಓದುತ್ತೇನೆ ಎಂದು ಹೇಳುತ್ತೇನೆ. ಬೇರೆ ಯಾವ ಕಷ್ಟದ ಕತೆಗೂ ಇದೇ ದಾರಿ ನಡೆಯುತ್ತದೆ.

ಮೊದಲು ಕತೆ. ಒಬ್ಬ ಐಶ್ವರ್ಯವಂತ, ಅವನ ಆಸ್ತಿ ನೋಡಿಕೊಳ್ಳುವ ಒಬ್ಬ ಮನೆವಾರ್ತೆಯವನು. ಇವನು ಆಸ್ತಿ ಹಾಳು ಮಾಡುತ್ತಿದ್ದಾನೆ ಎಂದು ಧಣಿಗೆ ದೂರು ಬರುತ್ತದೆ. ಲೆಕ್ಕ ಒಪ್ಪಿಸು, ಇನ್ನು ನೀನು ಬೇಡ ಎನ್ನುತ್ತಾನೆ ಧಣಿ. ಇವನು ಯೋಚಿಸುತ್ತಾನೆ. ಅಗೆಯಲು ಬಲವಿಲ್ಲ, ಬೇಡಲು ನಾಚಿಕೆ. ಸಾಲಗಾರರನ್ನು ಒಬ್ಬೊಬ್ಬರಾಗಿ ಕರೆಯುತ್ತಾನೆ. 100 ಬಾತ್ ಎಣ್ಣೆ ಕೊಡಬೇಕಾದವನಿಗೆ ‘ಬೇಗ ಕೂತು 50 ಎಂದು ಬರೆ’ ಎನ್ನುತ್ತಾನೆ. 100 ಕೋರ್ ಗೋಧಿ ಕೊಡಬೇಕಾದವನಿಗೆ 80 ಎಂದು ಬರೆಸುತ್ತಾನೆ (ಬಾತ್, ಕೋರ್ ಎರಡೂ ಆ ಕಾಲದ ಅಳತೆಗಳು). ಕೆಲಸ ಹೋದ ಮೇಲೆ ಅವರ ಮನೆಗಳಲ್ಲಿ ಜಾಗ ಸಿಗಲಿ ಎಂದು. ಇದನ್ನು ತಿಳಿದ ಧಣಿ ಸಿಟ್ಟಾಗಬೇಕಿತ್ತು, ಅಲ್ವಾ? ಅವನು ಹೊಗಳುತ್ತಾನೆ. ಜಾಣತನದಿಂದ ನಡೆದುಕೊಂಡೆ ಎನ್ನುತ್ತಾನೆ. ಎಲ್ಲರೂ ಮುಗ್ಗರಿಸುವುದು ಇಲ್ಲೇ.

ತಲೆಬರಹವನ್ನು ಮುಚ್ಚಿ

ನಿಮ್ಮ ಸತ್ಯವೇದದಲ್ಲಿ ಈ ಭಾಗದ ಮೇಲೆ ದಪ್ಪ ಅಕ್ಷರದ ತಲೆಬರಹ ಇದ್ದರೆ ಅದರ ಮೇಲೆ ಒಂದು ಕಾಗದ ಇಡಿ. ಅದನ್ನು ಲೂಕನು ಬರೆದಿಲ್ಲ, ಅಚ್ಚು ಮಾಡಿದವರು ಹಾಕಿದ್ದು. ಕತೆ ಶುರುವಾಗುವ ಮೊದಲೇ ಅದು ತೀರ್ಪು ಕೊಟ್ಟುಬಿಡುತ್ತದೆ. ಅಧ್ಯಾಯದ ಗೆರೆಯೂ ಹಾಗೆಯೇ. ಈಗಿರುವ ಅಧ್ಯಾಯಗಳನ್ನು ವಿಂಗಡಿಸಿದ್ದು 13ನೇ ಶತಮಾನದ ಶುರುವಿನಲ್ಲಿ. ಹೊಸ ಒಡಂಬಡಿಕೆಯ ವಚನಗಳಿಗೆ ಈಗಿನ ಸಂಖ್ಯೆ ಬಂದದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕನಿಂದ. ಆದ್ದರಿಂದ 15ನೇ ಅಧ್ಯಾಯದ 11ನೇ ವಚನದಿಂದಲೇ ಹಿಡಿದು 16ರ ಕೊನೆಯವರೆಗೆ ಒಂದೇ ಉಸಿರಿಗೆ ಓದಿ. ಜೋರಾಗಿ ಓದಿ. ನಾವು ಆಟಿ ತಿಂಗಳ ಮಳೆಯಲ್ಲಿ, ಕರೆಂಟ್ ಹೋದ ಸಂಜೆಗಳಲ್ಲಿ, ಮನೆಕೂಟದಲ್ಲಿ ಒಬ್ಬರಾದ ಮೇಲೆ ಒಬ್ಬರು ಓದುತ್ತೇವೆ. ಕಣ್ಣು ಹಾರಿಸಿಬಿಡುವ ಮಾತನ್ನು ಕಿವಿ ಹಿಡಿದು ನಿಲ್ಲಿಸುತ್ತದೆ.

ಹೀಗೆ ಓದಿದಾಗ ನನಗೆ ಮೊದಲು ಕೇಳಿಸಿದ್ದು ‘ಹಾಳು ಮಾಡಿದ’ ಎಂಬ ಮಾತು. ಇದಕ್ಕೆ ಮೊದಲಿನ ಕತೆಯ ದುಂದುಗಾರ ಮಗ ಅಪ್ಪನಿಂದ ಪಡೆದ ಆಸ್ತಿಯನ್ನು ಚೆಲ್ಲಾಡಿದ ಎಂದು 15:13ರಲ್ಲಿ ಇದೆ. ಮನೆವಾರ್ತೆಯವನ ಮೇಲಿನ ದೂರೂ ಅದೇ. ಗ್ರೀಕ್ ಮೂಲದಲ್ಲಿ ಎರಡೂ ಕಡೆ ಒಂದೇ ಕ್ರಿಯಾಪದ. ಮಗ ನಿಜವಾಗಿ ಚೆಲ್ಲಾಡಿ ಬಂದಾಗ ತಂದೆ ಓಡಿ ಹೋಗಿ ತಬ್ಬಿಕೊಂಡ. ಇಲ್ಲಿ ಬರೀ ದೂರು ಕೇಳಿದ ಧಣಿ ಕೆಲಸದಿಂದ ತೆಗೆದ. ಎರಡೂ ಕತೆ ಒಂದರ ಪಕ್ಕ ಒಂದಿವೆ. ಅಧ್ಯಾಯದ ಗೆರೆ ನಡುವೆ ಬಂದದ್ದರಿಂದ ಇಷ್ಟು ವರ್ಷ ನನಗೆ ಅದು ಕಂಡಿರಲಿಲ್ಲ.

ಮೂರು ಕಲಂ ಹಾಕಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪುಟಕ್ಕೆ ಎರಡು ಗೆರೆ ಎಳೆದರೆ ಮೂರು ಕಲಂ ಆಗುತ್ತದೆ. ಮೊದಲನೆಯದರಲ್ಲಿ ‘ಬರೆದಿರುವುದು’. ಎರಡನೆಯದರಲ್ಲಿ ‘ನಾವು ಕೇಳಿಕೊಂಡು ಬಂದದ್ದು’. ಮೂರನೆಯದರಲ್ಲಿ ‘ಬರೆದಿಲ್ಲದ್ದು’. ಒಂದೊಂದು ವಾಕ್ಯ ಓದಿ, ಅದು ಯಾವ ಕಲಂಗೆ ಸೇರುತ್ತದೆ ಎಂದು ನೋಡಿ ಬರೆಯಿರಿ. ಲೆಕ್ಕದವರು ರಸೀದಿ ಇರುವ ಖರ್ಚನ್ನೂ ಬಾಯಿಮಾತಿನ ಖರ್ಚನ್ನೂ ಬೇರೆ ಬೇರೆ ಇಡುತ್ತೇವೆ. ಇದೂ ಹಾಗೆಯೇ.

ನನ್ನ ಎರಡನೇ ಕಲಂ ಬೇಗ ತುಂಬಿತು. ‘ಮನೆವಾರ್ತೆಯವನು ಕದ್ದಿದ್ದ.’ ಇದು ಎಲ್ಲಿದೆ? ಇಲ್ಲ. ದೂರು ಬಂತು ಎಂದು ಮಾತ್ರ ಇದೆ. ‘ಧಣಿ ಎಂದರೆ ದೇವರು.’ ಇದೂ ಇಲ್ಲ. ‘ಧಣಿ ವಿಚಾರಣೆ ಮಾಡಿದ.’ ಇಲ್ಲ. ಲೆಕ್ಕ ಒಪ್ಪಿಸು, ನಿನ್ನನ್ನು ತೆಗೆದಿದ್ದೇನೆ ಎಂದು ಎರಡನ್ನೂ ಒಂದೇ ಬಾಯಲ್ಲಿ ಹೇಳುತ್ತಾನೆ. ಲೆಕ್ಕ ನೋಡುವ ಮೊದಲೇ ತೀರ್ಪು ಆಗಿದೆ. ಮೂರನೇ ಕಲಂನಲ್ಲಿ ನಾನು ಮೊದಲು ಬರೆದದ್ದು, ‘ದೂರು ಹೇಳಿದವರು ಯಾರು?’ ಅವರು ಒಂದು ವಾಕ್ಯದಲ್ಲಿ ಬಂದು ಹೋಗುತ್ತಾರೆ. ಮತ್ತೆ ಕಾಣಿಸುವುದೇ ಇಲ್ಲ.

ಪಕ್ಕದ ಮನೆಯ ಸತ್ಯವೇದವನ್ನೂ ತೆರೆಸಿ

ಕೊಡಗಿನಲ್ಲಿ ಇರುವವರಿಗೆ ಒಂದು ಭಾಗ್ಯ ಇದೆ. ನಮ್ಮ ಕೂಟದಲ್ಲಿ ಎಂಟು ಜನ ಸೇರಿದರೆ ಕನ್ನಡ, ಮಲಯಾಳಂ, ತಮಿಳು ಮೂರೂ ಸತ್ಯವೇದ ಮಡಿಲಲ್ಲಿರುತ್ತವೆ. ಒಂದೇ ವಚನವನ್ನು ಮೂರರಲ್ಲೂ ಓದಿಸಿ. ನಮ್ಮ ಮನೆವಾರ್ತೆಯವನು ತಮಿಳಿನಲ್ಲಿ ‘ಉಕ್ಕಿರಾಣಕ್ಕಾರನ್’, ಅಂದರೆ ಉಗ್ರಾಣದವನು. ಮಲಯಾಳಂನಲ್ಲಿ ‘ಕಾರ್ಯವಿಚಾರಕನ್’. ಒಬ್ಬರು ಮನೆ ಎಂದರು, ಒಬ್ಬರು ಉಗ್ರಾಣ ಎಂದರು, ಒಬ್ಬರು ಕಾರ್ಯ ಎಂದರು. ಹಿಂದೆ ಕೊಡಗಿನ ನಾಡುಗಳಲ್ಲಿ ಕಂದಾಯ ನೋಡುತ್ತಿದ್ದ ಪಾರುಪತ್ಯಗಾರರ ನೆನಪು ನಮ್ಮ ಹಿರಿಯರೊಬ್ಬರಿಗೆ ಬಂತು. ಆಗ ಎಲ್ಲರಿಗೂ ಹೊಳೆಯಿತು, ಇವನು ಅಡುಗೆಮನೆಯ ಆಳಲ್ಲ. ಧಣಿಯ ಪರವಾಗಿ ಬರೆದುಕೊಳ್ಳುವ, ಬರೆದುಕೊಡುವ ಅಧಿಕಾರ ಇದ್ದವನು. ಅಂದರೆ ರೈಟರ್. ಹಳೆಯ ಸತ್ಯವೇದದ ಕನ್ನಡ ಅರ್ಥವಾಗದೆ ಹೋದರೆ 1894ರ ಕಿಟ್ಟೆಲ್ ಕೋಶ ನೋಡಿ. ಕಿಟ್ಟೆಲ್ ಕೊಡಗಿನಲ್ಲೂ ಕೆಲಸ ಮಾಡಿದವರು, ಆ ಕಾಲದ ಸಭೆಗಳ ಕನ್ನಡ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೂಲದ ಪದವೊಂದು ಮುಖ್ಯ ಎನಿಸಿದರೆ ಅದನ್ನು ಹುಡುಕಿ. ಆದರೆ ನಿಮಗೆ ಬೇಕಾದ ಅರ್ಥ ಸಿಕ್ಕ ಕೂಡಲೇ ಪುಸ್ತಕ ಮುಚ್ಚಬೇಡಿ. ಈ ಮಾತನ್ನು ನನ್ನ ತಪ್ಪಿನಿಂದಲೇ ಕಲಿತು ಹೇಳುತ್ತಿದ್ದೇನೆ. ದೂರು ಹೇಳಿದರು ಎನ್ನುವಲ್ಲಿ ಗ್ರೀಕಿನಲ್ಲಿ ‘ಡಿಯಬಲ್ಲೋ’ ಎಂಬ ಕ್ರಿಯಾಪದ ಇದೆ. ಹೊಸ ಒಡಂಬಡಿಕೆಯಲ್ಲಿ ಇದೊಂದೇ ಕಡೆ ಬರುತ್ತದೆ. ಸೈತಾನನಿಗೆ ಹೇಳುವ ‘ಡಿಯಬೊಲೊಸ್’, ಅಂದರೆ ಚಾಡಿಕೋರ, ಇದೇ ಬೇರಿನ ಮಾತು. ಇದನ್ನು ತಿಳಿದ ದಿನ ನಾನು ಅತ್ತುಬಿಟ್ಟೆ. ದೂರು ಸುಳ್ಳು ಎಂದು ಪದವೇ ಹೇಳುತ್ತಿದೆ ಎಂದುಕೊಂಡೆ. ಆಮೇಲೆ ದಾನಿಯೇಲನ ಗ್ರಂಥ ನೋಡಿದೆ. ಹಳೆಯ ಗ್ರೀಕ್ ಅನುವಾದದಲ್ಲಿ 3:8ರಲ್ಲಿ ಇದೇ ಪದ ಇದೆ. ಅಲ್ಲಿ ಕೆಲವರು ರಾಜನ ಮುಂದೆ ಯೆಹೂದ್ಯರ ಮೇಲೆ ದೂರು ಹೇಳುತ್ತಾರೆ, ಇವರಲ್ಲಿ ಮೂವರು ರಾಜ ನಿಲ್ಲಿಸಿದ ಪ್ರತಿಮೆಗೆ ಅಡ್ಡಬೀಳಲಿಲ್ಲ ಎಂದು. ಆ ಮೂವರು ಅಡ್ಡಬಿದ್ದಿರಲಿಲ್ಲ, ಅದು ನಿಜ. ದೂರಿನ ಹಿಂದೆ ಹಗೆ ಇತ್ತು, ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಗಾಗಿ ಈ ಪದ ನಮಗೆ ಹೇಳುವುದು ಇಷ್ಟೇ: ದೂರಿನಲ್ಲಿ ಹಗೆಯ ವಾಸನೆ ಇದೆ. ಮನೆವಾರ್ತೆಯವನು ತಪ್ಪಿಲ್ಲದವನು ಎಂದು ಅದರಿಂದ ರುಜುವಾಗುವುದಿಲ್ಲ. ಮೊದಲನೇ ಕಲಂನಲ್ಲಿ ‘ದೂರು ಸುಳ್ಳು’ ಎಂದು ಬರೆದದ್ದನ್ನು ನಾನು ಹೊಡೆದುಹಾಕಿ ಮೂರನೆಯದಕ್ಕೆ ತಂದೆ.

ಕತೆಯ ಲೆಕ್ಕವನ್ನು ನೀವೇ ಮಾಡಿ

ಸಂಖ್ಯೆ ಬಂದ ಕಡೆ ಸುಮ್ನೆ ದಾಟಿ ಹೋಗಬೇಡಿ. ಒಂದು ಬಾತ್ ಕಡಿಮೆ ಎಂದರೂ 20 ಲೀಟರಿಗಿಂತ ಜಾಸ್ತಿ. ಅಂದರೆ 100 ಬಾತ್ ಎಣ್ಣೆ 2000 ಲೀಟರಿಗೂ ಮೇಲೆ. ಹತ್ತು ಬಾತ್ ಸೇರಿದರೆ ಒಂದು ಕೋರ್ ಎಂದು ಯೆಹೆಜ್ಕೇಲ 45:14ರಲ್ಲಿದೆ. ಹಾಗಾದರೆ 100 ಕೋರ್ ಗೋಧಿ 20,000 ಲೀಟರಿಗೂ ಮೇಲೆ. ಹತ್ತು ಟನ್ ಹಿಡಿಯುವ ಲಾರಿಯಲ್ಲಿ ಒಂದು ಸಲಕ್ಕೆ ಸಾಗದಷ್ಟು.

ಈ ಲೆಕ್ಕ ನನ್ನ ಕಣ್ಣು ತೆರೆಸಿತು. ಸಾಲಗಾರರು ಎಂದರೆ ನಮ್ಮ ಲೈನ್ ಮನೆಯವರ ಹಾಗೆ, ದವಸಕ್ಕೆ ಗತಿಯಿಲ್ಲದವರು ಎಂದು ನಾನು ಕಲ್ಪಿಸಿಕೊಂಡಿದ್ದೆ. ಇಷ್ಟೊಂದು ಸಾಲ ಬಡವರಿಗೆ ಯಾರೂ ಕೊಡುವುದಿಲ್ಲ. ಇವರು ದೊಡ್ಡ ಗೇಣಿದಾರರೋ ವ್ಯಾಪಾರಿಗಳೋ ಇರಬೇಕು. ನನಗೆ ಇಷ್ಟವಾಗಿದ್ದ ಚಿತ್ರವನ್ನು ನಾನೇ ಅಳಿಸಬೇಕಾಯಿತು.

ಒಂದೊಂದು ವಿವರಣೆಯನ್ನೂ ಕತೆಯ ಮೇಲೆ ಹೊದಿಸಿ ನೋಡಿ

ಕಂಬಳಿ ಹೊದಿಸಿದ ಹಾಗೆ. ಎಲ್ಲಿ ಕಾಲು ಹೊರಗೆ ಉಳಿಯುತ್ತದೆ ಎಂದು ನೋಡಿ.

ನಾವು ಜಾಸ್ತಿ ಕೇಳಿರುವುದು, ‘ಧಣಿ ಹೊಗಳಿದ್ದು ಜಾಣತನವನ್ನು, ಮೋಸವನ್ನಲ್ಲ’ ಎಂಬ ವಿವರಣೆ. ಇದರಲ್ಲಿ ಬಲ ಇದೆ. 8ನೇ ವಚನದಲ್ಲಿ ಜಾಣತನ ಎಂದೇ ಬರೆದಿದೆ. ಆದರೆ ತನ್ನ ಆಸ್ತಿಯೇ ಕೈಬಿಟ್ಟು ಹೋದಾಗ ಯಾವ ಧಣಿ ಜಾಣತನಕ್ಕೆ ಶಹಬ್ಬಾಸ್ ಹೇಳುತ್ತಾನೆ? ಆ ಕಾಲು ಹೊರಗೇ ಉಳಿಯಿತು.

ಇನ್ನೊಂದು, ಅವನು ಬಿಟ್ಟುಕೊಟ್ಟದ್ದು ತನ್ನ ಕಮಿಷನ್ ಎಂಬುದು. ಕೇಳಲು ಚೆನ್ನಾಗಿದೆ. ಆದರೆ ಅವನು ಕೇಳುವುದು ‘ನನ್ನ ಧಣಿಗೆ ನೀನು ಎಷ್ಟು ಕೊಡಬೇಕು’ ಎಂದು. ಕಮಿಷನ್ ಮಾತು ಎಲ್ಲೂ ಇಲ್ಲ. ನೂರಕ್ಕೆ ಐವತ್ತು ಕಮಿಷನ್ ಎಂದರೆ ನಂಬುವುದೂ ಕಷ್ಟ.

ಮೂರನೆಯದು ಬಡ್ಡಿಯ ವಿವರಣೆ. ತಮ್ಮ ಜನರಿಂದ ಬಡ್ಡಿ ತೆಗೆದುಕೊಳ್ಳಬಾರದು ಎಂದು ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ. ವಿಮೋಚನಕಾಂಡ 22:25, ಯಾಜಕಕಾಂಡ 25:36, ಧರ್ಮೋಪದೇಶಕಾಂಡ 23:19 ನೋಡಿ. ಬಡ್ಡಿ ಎಂದು ಬರೆಯುವ ಹಾಗಿಲ್ಲದಿದ್ದರೆ ಅದನ್ನು ಅಸಲಿಗೇ ಸೇರಿಸಿ ಬರೆಯಬಹುದು. ಕೊಟ್ಟದ್ದು 80, ಪತ್ರದಲ್ಲಿ 100. ಮನೆವಾರ್ತೆಯವನು ಆ ಹೆಚ್ಚಿನದನ್ನು ತೆಗೆಸಿದ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ಧಣಿ ಸುಮ್ಮನಾದದ್ದು ಸರಿಹೋಗುತ್ತದೆ. ಬಡ್ಡಿ ತಿಂದೆ ಎಂದು ಊರಿನ ಮುಂದೆ ಒಪ್ಪಿಕೊಳ್ಳಲು ಅವನಿಂದ ಆಗುವುದಿಲ್ಲ. ಅದಕ್ಕಿಂತ ಹೊಗಳಿ ಒಳ್ಳೆಯವನಾಗುವುದೇ ಮೇಲು. ಈ ಕಂಬಳಿ ಬಹಳ ಕಡೆ ಮುಚ್ಚುತ್ತದೆ. ಆದರೂ ಕತೆಯಲ್ಲಿ ಬಡ್ಡಿ ಎಂಬ ಪದ ಇಲ್ಲ. ಇದು ಊಹೆ, ಒಳ್ಳೆಯ ಊಹೆ.

ನನಗೆ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟದ್ದು ‘ಧಣಿಯೇ ದೇವರು’ ಎಂಬುದು. ಇದನ್ನು ಪರೀಕ್ಷಿಸಲು ಸುಲಭದ ದಾರಿ ಇದೆ. ಧಣಿ ಎಂದಿರುವ ಕಡೆಯೆಲ್ಲ ದೇವರು ಎಂದು ಹಾಕಿ ಓದಿ. ದೇವರು ಚಾಡಿ ಕೇಳಿ, ವಿಚಾರಿಸದೆ, ಒಬ್ಬನನ್ನು ಹೊರಗೆ ಹಾಕುತ್ತಾನೆಯೇ? ಹಾಗೆಂದು ಒಪ್ಪಲು ನನ್ನ ಮನಸ್ಸು ತಯಾರಿಲ್ಲ. ಲೂಕನೂ ಅದಕ್ಕೆ ದಾರಿ ಮಾಡಿಲ್ಲ. ‘ಒಬ್ಬ ಐಶ್ವರ್ಯವಂತನಿದ್ದನು’ ಎಂದು ಶುರುವಾಗುವ ಇನ್ನೊಂದು ಕತೆ ಇದೇ ಅಧ್ಯಾಯದ 19ನೇ ವಚನದಲ್ಲಿದೆ. ಬಾಗಿಲಲ್ಲಿ ಲಾಜರ ಬಿದ್ದಿದ್ದರೂ ಕಣ್ಣೆತ್ತಿ ನೋಡದವನ ಕತೆ. 12:16ರಲ್ಲಿ ದೊಡ್ಡ ಕಣಜ ಕಟ್ಟಿಸಲು ಹೊರಟು ಅದೇ ರಾತ್ರಿ ಸತ್ತವನೂ ಐಶ್ವರ್ಯವಂತನೇ. ಆ ಇಬ್ಬರನ್ನು ದೇವರು ಎಂದು ಯಾರೂ ಹೇಳುವುದಿಲ್ಲ. ಮೂರನೆಯವನನ್ನು ಮಾತ್ರ ಯಾಕೆ ಹೇಳಬೇಕು?

ಕೆಲಸ ಬಲ್ಲವರ ಜೊತೆ ಓದಿ, ಆದರೆ ಎಚ್ಚರ

ಪುಸ್ತಕ ಓದಿದವರಿಗೆ ಹೊಳೆಯದ್ದು ದುಡಿದವರಿಗೆ ಹೊಳೆಯುತ್ತದೆ. ಒಂದು ಬುಧವಾರ ನಮ್ಮ ಮನೆಕೂಟಕ್ಕೆ ನೆಲ್ಲಿಹುದಿಕೇರಿಯ ಅಜ್ಜಿಯನ್ನು ಕರೆದುಕೊಂಡು ಬಂದೆ. ಅವರಿಗೆ ಓದು ಬರುವುದಿಲ್ಲ. ತಮಿಳಿನಲ್ಲಿ ಓದಿ ಹೇಳಿದೆವು. ‘ಬೇಗ ಕೂತು ಬರೆ’ ಎಂಬಲ್ಲಿ ಅವರು ಕೈ ಎತ್ತಿ ನಿಲ್ಲಿಸಿದರು. ‘ನಿಮ್ಮ ಅಪ್ಪನೂ ಹಾಗೇ ಮಾಡಿದರು’ ಎಂದರು.

ಕೊನೆಯ ರಾತ್ರಿ ಅಪ್ಪ ಲಾಟೀನು ಹಿಡಿದು ಅವರ ಮನೆಗೆ ಹೋಗಿದ್ದರಂತೆ. ಅವರಿಗೆ ಮುಂಗಡ ಕೊಟ್ಟದ್ದು 800 ರೂಪಾಯಿ. ಪುಸ್ತಕದಲ್ಲಿ 1000 ಎಂದಿತ್ತು. ಮೇಸ್ತ್ರಿ ಹೇಳಿದ ಹಾಗೆ ಅಪ್ಪನೇ ಬರೆದದ್ದು. ಆ ರಾತ್ರಿ ಅದನ್ನು ಹೊಡೆದು 800 ಎಂದು ತಿದ್ದಿ, ಅವರ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರು. ನನಗೆ ಇದು ಗೊತ್ತೇ ಇರಲಿಲ್ಲ. ಅಪ್ಪ ಹೇಳಿರಲಿಲ್ಲ. ಈಗ ಕೇಳಲು ಅವರಿಲ್ಲ.

ಕೂಟದಲ್ಲಿ ಎಲ್ಲರೂ ಸುಮ್ಮನಾದರು. ನನಗೂ ಮಾತು ಬರಲಿಲ್ಲ. ಬಡ್ಡಿಯ ವಿವರಣೆಯೇ ಸರಿ, ಇನ್ನು ಹುಡುಕುವುದು ಬೇಡ ಎನಿಸಿತು. ಇಂಥ ಹೊತ್ತಿನಲ್ಲೇ ಒಂದು ಕ್ಷಣ ನಿಂತು ಯೋಚಿಸಬೇಕು. ನಮ್ಮ ಬದುಕಿನ ಕತೆ ನಮಗೆ ಪ್ರಶ್ನೆ ಕೊಡುತ್ತದೆ, ರುಜುವಾತು ಕೊಡುವುದಿಲ್ಲ. ನನ್ನ ಅಪ್ಪ ಲೂಕನ ಸುವಾರ್ತೆಯಲ್ಲಿ ಇಲ್ಲ. 800ಕ್ಕೆ 1000 ಬರೆದವರೂ ಅಪ್ಪನೇ, ತಿದ್ದಿದವರೂ ಅಪ್ಪನೇ ಎಂದು ಅವತ್ತು ಗೊತ್ತಾಯಿತು. ತಪ್ಪಿಲ್ಲದ ಮನೆವಾರ್ತೆಯವನನ್ನು ಹುಡುಕುತ್ತಾ ಹೊರಟವಳಿಗೆ ಸಿಕ್ಕಿದ್ದು ಇದು.

ಅಯ್ಯನವರ ಹತ್ತಿರ ಹೇಗೆ ಕೇಳುವುದು

ಅಯ್ಯನವರು ಎಂದರೆ ನಮ್ಮ ಚರ್ಚಿನ ಪಾದ್ರಿ. ಭಾನುವಾರ ಆರಾಧನೆ ಮುಗಿಸಿ ಬಾಗಿಲಲ್ಲಿ ಕೈಕುಲುಕುವಾಗ ಕೇಳಬೇಡಿ. ವಾರದ ನಡುವೆ, ಮೊದಲೇ ಹೇಳಿ ಹೋಗಿ. ವಚನದ ಸಂಖ್ಯೆ ಬರೆದುಕೊಂಡು ಹೋಗಿ. ‘ನಿಮ್ಮ ಪ್ರಸಂಗ ತಪ್ಪು’ ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಈ ಅರ್ಥ ಯಾವ ವಚನದಿಂದ ಬಂತು, ನನಗೆ ತೋರಿಸಿಕೊಡಿ’ ಎಂದು ಕೇಳಿ. ಅದನ್ನು ನಿಜವಾಗಿಯೂ ತಿಳಿಯುವ ಆಸೆಯಿಂದ ಕೇಳಿ. ಅವರು ತಿರುಗಿ ಕೇಳುವ ಪ್ರಶ್ನೆಗೂ ಜಾಗ ಕೊಡಿ.

ನಮ್ಮ ಅಯ್ಯನವರು ನನ್ನ ನೋಟ್‌ಬುಕ್ಕನ್ನು ಪೂರ್ತಿ ಓದಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು, ‘ಹಾಗಾದರೆ 8ನೇ ವಚನವನ್ನು ಏನು ಮಾಡ್ತೀರಿ? ಅಲ್ಲಿ ಅವನನ್ನು ಅನ್ಯಾಯಗಾರ ಎಂದೇ ಕರೆದಿದೆಯಲ್ಲ?’ ಅದು ಸರಿಯಾದ ಪ್ರಶ್ನೆ. ಮನೆಗೆ ಬಂದು ಹುಡುಕಿದೆ. ಗ್ರೀಕಿನಲ್ಲಿ ಅದು ‘ಅನ್ಯಾಯದ ಮನೆವಾರ್ತೆಯವನು’ ಎಂಬ ರೀತಿಯಲ್ಲಿದೆ. ಮುಂದಿನ ವಚನದಲ್ಲಿ ಹಣವನ್ನೂ ಅದೇ ಪದದಿಂದ ‘ಅನ್ಯಾಯದ ಧನ’ ಎಂದಿದೆ. ಅನ್ಯಾಯದ ಹಣದ ಲೋಕದಲ್ಲಿ ಕೆಲಸ ಮಾಡುವವನು ಎಂದು ಓದಲು ಇದರಿಂದ ಸ್ವಲ್ಪ ಜಾಗ ಸಿಗುತ್ತದೆ. ಆದರೆ 18:6ರಲ್ಲಿ ‘ಅನ್ಯಾಯದ ನ್ಯಾಯಾಧಿಪತಿ’ ಎಂದು ಅದೇ ರೀತಿ ಬರುತ್ತದೆ. ಅವನು ನಿಜವಾಗಿಯೂ ಅನ್ಯಾಯಗಾರನೇ. ಎರಡೂ ಕಡೆಯ ಸಾಕ್ಷಿಯನ್ನು ಪಕ್ಕಪಕ್ಕ ಬರೆದು ಅಯ್ಯನವರಿಗೆ ತೋರಿಸಿದೆ. ಮುಂದಿನ ಸಲ ಈ ಭಾಗ ಬಂದಾಗ ಅವರು ಪ್ರಸಂಗದಲ್ಲಿ ‘ದೂರು ಬಂತು ಎಂದಿದೆ, ಕದ್ದ ಎಂದಿಲ್ಲ’ ಎಂದು ಹೇಳಿದರು. ಅಷ್ಟೇ ಹೇಳಿದರು. ಅಮ್ಮ ಪಕ್ಕದಲ್ಲಿ ಕೂತಿದ್ದರು.

ಇನ್ನೊಂದು ಮಾತು ಉಳಿದಿದೆ. ಸಾಲಗಾರರು ತಮ್ಮ ಮನೆಗಳಿಗೆ ಸೇರಿಸಿಕೊಳ್ಳಲಿ ಎಂದು 4ನೇ ವಚನದಲ್ಲಿ ಅವನು ಆಸೆಪಡುತ್ತಾನೆ. 9ನೇ ವಚನದಲ್ಲಿ ಯೇಸು ಅದೇ ‘ಸೇರಿಸಿಕೊಳ್ಳು’ ಎಂಬ ಪದ ಬಳಸುತ್ತಾನೆ. ಆದರೆ ಅಲ್ಲಿ ಮನೆ ಇಲ್ಲ. ಮೂಲದಲ್ಲಿರುವುದು ಗುಡಾರ, ನಿತ್ಯವಾದ ಗುಡಾರಗಳು. ಎಷ್ಟೋ ಅನುವಾದಗಳಲ್ಲಿ ಅದು ವಾಸಸ್ಥಾನ ಆಗಿಬಿಟ್ಟಿದೆ. ಇದನ್ನು ಕೂಟದಲ್ಲಿ ಹೇಳಿದಾಗ ಅಜ್ಜಿಗೆ ಗುಡಾರದ ಮಾತು ಹಿಡಿಸಲಿಲ್ಲ. ಮಳೆಗಾಲಕ್ಕೆ ಆಗುವುದಿಲ್ಲ ಎಂದರು. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ, ‘ಅವನಿಗೆ ಮಕ್ಕಳಿದ್ದವಾ?’ ಎಂದು ಕೇಳಿದರು.

ಮೂರನೇ ಕಲಂನಲ್ಲಿ, ‘ದೂರು ಹೇಳಿದವರು ಯಾರು’ ಎಂಬುದರ ಕೆಳಗೆ, ಅದನ್ನೂ ಬರೆದುಕೊಂಡಿದ್ದೇನೆ.